ನಾನು ಮುಚ್ಚಿದ ಆರು ಕಿಟಕಿಗಳು

ಕಮಲಾಪುರ
೧೯ ಸೆಪ್ಟೆಂಬರ್ ೨೦೨೪, ಗುರುವಾರ ಬೆಳಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಕಾಲು ಮುಟ್ಟಿದ್ದೇನೆ ಎಂದುಕೋ. ಏಳು ಎಂದು ನೀನು ಹೇಳುವುದಕ್ಕೆ ಕಾಯದೆ ಬರೆಯಲು ಕುಳಿತಿದ್ದೇನೆ. ನಿನ್ನ ಮೊಣಕಾಲು ಈಗ ಹೇಗಿದೆ? ಧಾರವಾಡದ ಜಿಟಿಜಿಟಿ ಮಳೆ ನಮ್ಮ ಕಡೆಯ ಎಲುಬಿಗೆ ಒಗ್ಗುವುದಿಲ್ಲ, ಸಂಜೆ ಹೊತ್ತು ಬಿಸಿ ಉಪ್ಪಿನ ಶಾಖ ಕೊಟ್ಟುಕೋ. ಬಾಣಂತಿ ಮಗಳು ಪ್ರೀತಿ ಹೊಟ್ಟೆತುಂಬ ಉಣ್ಣುತ್ತಾಳೆಯೇ? ಡಾಕ್ಟರು ಪ್ರಯಾಣ ಬೇಡವೆಂದರೆಂದು ಅವಳು ತವರಿಗೆ ಬರುವ ಬದಲು ತವರೇ ಅವಳಲ್ಲಿಗೆ ಹೋಯಿತು ಎಂದು ಅವ್ವ ಎಲ್ಲರಿಗೂ ಹೇಳಿಕೊಂಡು ನಗುತ್ತಾಳೆ. ಕೂಸಿನ ಫೋಟೋ ನೋಡಿದ್ದೆ. ಮೂಗು ಅವ್ವನದೇ, ಅನುಮಾನವಿಲ್ಲ. ಹಣೆ ಮಾತ್ರ ಭಾವನದು. ಎಣ್ಣೆ ಹಚ್ಚುವಾಗ ಆ ಹಣೆಯನ್ನು ಮೆಲ್ಲಗೆ ತೀಡು.

ಫೋನು ಬಿಟ್ಟು ಇವನೇಕೆ ಕಾಗದ ಬರೆದ ಎಂದು ನೀನು ಗಾಬರಿಯಾಗಿರಬೇಕು. ನನ್ನ ಫೋನು ನನ್ನ ಬಳಿ ಇಲ್ಲ, ಭಾವನ ಬಳಿ ಇದೆ. ಬೇರೆಯವರ ಫೋನಿನಿಂದ ಮಾಡೋಣವೆಂದರೆ ನೀನು ಯಾವಾಗಲೂ ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತೀ, ಪಕ್ಕದಲ್ಲಿ ಬೀಗರು ಕುಳಿತಿರುತ್ತಾರೆ. ಇದು ಬೀಗರ ಮುಂದೆ ಆಡುವ ಮಾತಲ್ಲ. ಅದಕ್ಕೇ ಹತ್ತನೇ ತರಗತಿಯ ನಂತರ ಮೊದಲ ಬಾರಿ ಇಷ್ಟು ಉದ್ದ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ. ಒಬ್ಬಳೇ ಇದ್ದಾಗ ಓದು.

ನಾನಿರುವುದು ಕಮಲಾಪುರದಲ್ಲಿ, ಭಾವನ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ. ಬಂದು ಒಂಬತ್ತು ದಿನವಾಯಿತು. ಯೂರಿಯಾದ ವಾಸನೆ ಅನ್ನದಲ್ಲೂ ಬರುತ್ತದೆ. ಮೇಲೆ ತಗಡು, ಮಧ್ಯಾಹ್ನ ಅದು ಕಾದು ಟಕ್ ಟಕ್ ಎನ್ನುತ್ತದೆ, ಮಳೆ ಬಂದರೆ ಕಿವಿ ಕಿವುಡಾಗುತ್ತದೆ. ಬಾಗಿಲಿಗೆ ಬೀಗವಿಲ್ಲ. ಯಾರೂ ನನ್ನನ್ನು ಕಟ್ಟಿಹಾಕಿಲ್ಲ. ಮೆಟ್ಟಿಲಿಳಿದರೆ ಎದುರಿಗೇ ಬಸ್ಸು ನಿಲ್ಲುತ್ತದೆ. ಆದರೂ ನಾನು ಬಸ್ಸು ಹತ್ತಬೇಕೆಂದು ಹೊರಟು ಮೂರನೆಯ ಮೆಟ್ಟಿಲಿನ ತನಕ ಇಳಿದು ವಾಪಸು ಬಂದದ್ದು ಎಷ್ಟು ಸಲವೋ ಲೆಕ್ಕ ಇಡಲಿಲ್ಲ. ಬಾಗಿಲು ತೆರೆದಿದ್ದೂ ಹೊರಗೆ ಹೋಗಲಾಗದೆ ಕೂರುವುದು ಏನೆಂದು ಈ ಒಂಬತ್ತು ದಿನ ನನಗೆ ತಿಳಿಸಿಕೊಟ್ಟಿವೆ.

ನಿನಗೆ ಭಾವ ಏನು ಹೇಳಿದ್ದಾರೆಂದು ಗೊತ್ತಿದೆ. ಕಾಂಪ್ಲೆಕ್ಸಿನಲ್ಲಿ ಸಣ್ಣದಾಗಿ ಕರೆಂಟು ಶಾರ್ಟ್ ಆಯಿತು, ವಯಸ್ಸಾದ ವಾಚಮನ್ ಒಬ್ಬರು ಗಾಬರಿಯಲ್ಲಿ ಎದೆಯೊಡೆದು ಹೋದರು, ನಿನ್ನ ತಮ್ಮ ನೀಲಾ ಕೆಲಸದ ಮೇಲೆ ಊರಾಚೆ ಇದ್ದಾನೆ ಎಂದು. ಬಾಣಂತಿಯ ಮುಂದೆ ಕೆಟ್ಟ ಸುದ್ದಿ ಬೇಡವೆಂಬುದು ಸರಿ. ಆದರೆ ಅದು ಹಾಗೆ ನಡೆಯಲಿಲ್ಲ ಅಕ್ಕಾ. ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ.

ಹೋದ ವರ್ಷದ ಬೇಸಿಗೆಯಲ್ಲಿ ಕಲಬುರಗಿಯ ರಿಂಗ್ ರೋಡಿನ ನಿಮ್ಮ ಕಾಂಪ್ಲೆಕ್ಸಿಗೆ ಹೊಸ ಮುಖ ಕೂರಿಸಿದವನು ನಾನೇ. ಕೆಳಗೆ ಅಂಗಡಿಗಳು, ಮೇಲಿನ ಮಹಡಿಯಲ್ಲಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ರೀಡಿಂಗ್ ರೂಮು, ಅದರ ಮೇಲೆ ಮಾಳಿಗೆ. ಹಳೆಯ ಗೋಡೆಯ ಮುಂದೆ ಅಲ್ಯುಮಿನಿಯಂ ಚೌಕಟ್ಟು ಕಟ್ಟಿ, ಅದರ ಮೇಲೆ ಬೂದು ಮತ್ತು ಕೆಂಪು ಬಣ್ಣದ ಎಸಿಪಿ ಎಂಬ ತೆಳು ಅಲ್ಯುಮಿನಿಯಂ ಶೀಟು ಹೊದಿಸಿದೆ. ಮೇಲೆ ಸ್ಟೀಲಿನ ಅಕ್ಷರಗಳಲ್ಲಿ ‘ಭುವನೇಶ್ವರಿ ಕಾಂಪ್ಲೆಕ್ಸ್’ ಎಂದು ಬಂದಾಗ ನೀನು ಆಟೋದಲ್ಲಿ ಕುಳಿತು ಎರಡು ಸುತ್ತು ಹೊಡೆಸಿ ನೋಡಿದ್ದೆಯಲ್ಲ. ನಿನ್ನ ಹೆಸರನ್ನು ಅಷ್ಟು ಎತ್ತರದಲ್ಲಿ ನಿಲ್ಲಿಸಿದ್ದೇನೆಂದು ನನಗೂ ಎದೆಯುಬ್ಬಿತ್ತು. ಆ ಶೀಟಿನ ಹಿಂದೆ ರೀಡಿಂಗ್ ರೂಮಿನ ಆರು ಕಿಟಕಿಗಳಿವೆ ಎಂಬುದು ಆ ದಿನ ಯಾರ ಕಣ್ಣಿಗೂ ಬೀಳಲಿಲ್ಲ, ಬೀಳಲು ಸಾಧ್ಯವೂ ಇರಲಿಲ್ಲ. ಮುಚ್ಚುವ ಮೊದಲು ನಾನು ಕೇಳಿದ್ದೆ. "ಎರಡಾದ್ರೂ ಬಿಡ್ರಿ ಭಾವ, ಒಳಗ ಹುಡುಗ್ರು ಕುಂದರ್ತಾರ" ಎಂದಿದ್ದೆ. ಭಾವ ನಕ್ಕರು. "ಎ.ಸಿ. ಹಾಕ್ಸಾಕತ್ತೀನಲೋ, ಕಿಟಕಿ ಯಾಕ ಬೇಕು? ಕಟ್ಟಡದ ಮಾರಿ ಕೆಡ್ತದ. ಎಲ್ಲಾ ಮುಚ್ಚು." ನಾನು ಮುಚ್ಚಿದೆ. ಬೇರೆ ಯಾವ ಮಾಲಕ ಹೇಳಿದ್ದರೂ ಇನ್ನೊಂದು ಮಾತು ಆಡುತ್ತಿದ್ದೆ. ಭಾವನ ಮುಂದೆ ನನಗೆ ಎರಡನೆಯ ಮಾತು ಬರುವುದಿಲ್ಲ, ಹದಿನೇಳು ವರ್ಷದವನಿದ್ದಾಗ ಕೈಗೆ ಡ್ರಿಲ್ ಕೊಟ್ಟವರು ಅವರು. ಶರಣಸಿರಸಗಿಯ ನಮ್ಮ ಮನೆ ನಿಂತಿರುವ ಜಾಗವೂ ಅವರದೇ.

ಮಾಳಿಗೆಯ ಕಥೆಯೂ ಹೀಗೇ. ಅಲ್ಲಿ ತಗಡು ಹೊದಿಸಿ ಗಾದಿ ವ್ಯಾಪಾರಿಗೆ ಗೋದಾಮು ಮಾಡಿಕೊಡಬೇಕಿತ್ತು. ತಗಡಿಗೆ ಸಾಕಷ್ಟು ಇಳಿಜಾರು ಕೊಟ್ಟರೆ ಅದರ ನೆತ್ತಿ ಮುಂದಿನ ಶೀಟಿಗಿಂತ ಎತ್ತರವಾಗಿ ರಸ್ತೆಗೆ ಕಾಣುತ್ತದೆ. ಕಾಣಬಾರದು ಎಂದರು ಭಾವ. ಚಪ್ಪಟೆ ಹಾಕಿದರೆ ನೀರು ಮುಂದಕ್ಕೆ ಹೋಗದೆ ನಿಲ್ಲುತ್ತದೆ, ನಿಂತ ನೀರು ದಾರಿ ಹುಡುಕುತ್ತದೆ ಎಂದೆ. "ಕಲಬುರಗ್ಯಾಗ ಮಳಿ ಎಷ್ಟು ದಿನ ಬರ್ತದ?" ಎಂದರು. ಅದಕ್ಕೂ ತಲೆಯಾಡಿಸಿದೆ. ಒಂದು ಗೇಣು ಇಳಿಜಾರು ಇರಬೇಕಾದಲ್ಲಿ ನಾಲ್ಕು ಬೆರಳು ಕೊಟ್ಟೆ.

ಈಗ ಖಮರುದ್ದೀನ್ ಚಾಚಾನ ಬಗ್ಗೆ ಹೇಳಬೇಕು. ಭಾವ ವಾಚಮನ್ ಎಂದದ್ದು ಅವರನ್ನೇ. ಬಸ್ ಕಂಡಕ್ಟರಾಗಿ ನಿವೃತ್ತರಾಗಿ ರೀಡಿಂಗ್ ರೂಮು ನೋಡಿಕೊಳ್ಳಲು ಬಂದವರು. ಅಲ್ಲಿ ಯಾರಾದರೂ ಪಿಸುಗುಟ್ಟಿದರೆ ಎರಡು ಬೆರಳಿಂದ ಮೇಜು ತಟ್ಟುವರು, ಹಳೆಯ ಬಸ್ಸಿನಲ್ಲಿ ತಟ್ಟಿದ ಹಾಗೆ. ಯಾವ ಹುಡುಗಿ ಎಷ್ಟನೆಯ ಸಲ ಪರೀಕ್ಷೆ ಬರೆಯುತ್ತಿದ್ದಾಳೆ, ಯಾರು ಬೆಳಗಿನಿಂದ ಉಂಡಿಲ್ಲ, ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ಈ ಸಲ ಮಳೆ ಜೋರಾದಾಗ ಅವರೇ ನನಗೆ ಫೋನು ಮಾಡಿದರು. "ನೀಲು ಬೇಟಾ, ಗ್ವಾಡಿ ಒಳಗ ನೀರ್ ಹರಿಯೋ ಸಪ್ಪಳ ಬರ್ಲಾಕತ್ತದ. ಒಮ್ಮೆ ಬಂದು ಕಿವಿ ಹಚ್ಚಿ ಕೇಳು." ಹೋಗಿ ಕಿವಿ ಹಚ್ಚಿದೆ. ನಿಜ. ತಗಡಿನ ಮೇಲೆ ನಿಂತ ನೀರು ಶೀಟಿಗೂ ಗೋಡೆಗೂ ನಡುವಿನ ಸಂದಿಗೆ ಇಳಿಯುತ್ತಿತ್ತು. ಹೆಸರಿನ ಬೋರ್ಡಿನ ದೀಪಗಳ ವೈರು ಹೋಗಿರುವುದು ಅದೇ ಸಂದಿಯಲ್ಲಿ, ಅದು ಮೆಟ್ಟಿಲಿನ ಬಳಿಯ ಮೀಟರಿಗೆ ಸೇರುತ್ತದೆ. ಅವತ್ತೇ ಭಾವನಿಗೆ ಹೇಳಿದೆ, ನಾಲ್ಕು ದಿನ ಬಿಟ್ಟು ಮತ್ತೆ ಹೇಳಿದೆ. "ಮಳಿಗಾಲ ಮುಗೀಲಿ, ಮಾಡಿಸೋಣ. ಈಗ ಮ್ಯಾಲ ಗಾದಿ ತುಂಬ್ಯಾವ, ಯಾರು ತಗೀತಾರ?" ಎಂದರು. ಬೋರ್ಡಿನ ದೀಪವನ್ನಾದರೂ ಆರಿಸಿಡಿ ಎಂದೆ. ಆ ರಾತ್ರಿಯೂ ದೀಪ ಎಂದಿನಂತೆ ಬೆಳಗಿತು.

ಮಂಗಳವಾರ, ಹತ್ತನೆಯ ತಾರೀಖು, ಮಧ್ಯಾಹ್ನ ಮೂರರ ಸುಮಾರು. ಬೆಳಗಿನಿಂದ ಮಳೆ ಹಿಡಿದಿತ್ತು. ಸಂದಿಯ ಬಾಯಿಗಾದರೂ ಸಿಲಿಕಾನ್ ತುಂಬೋಣವೆಂದು ಸುತ್ತಿಗೆ, ಉಳಿ, ಟ್ಯೂಬು ಹಿಡಿದು ನಾನಾಗಿಯೇ ಹೋಗಿದ್ದೆ. ರೀಡಿಂಗ್ ರೂಮಿನಲ್ಲಿ ಇಪ್ಪತ್ತೆರಡು ಮಂದಿ ಓದುತ್ತಿದ್ದರು. ಚಾಚಾ ಥರ್ಮಾಸಿನಿಂದ ನನಗೆ ಚಹಾ ಬಗ್ಗಿಸುತ್ತಿದ್ದರು. ಮೀಟರಿನ ಕಡೆ ದೊಡ್ಡದೊಂದು ಸದ್ದಾಯಿತು, ದೀಪ ಹೋಯಿತು. ಅಕ್ಕಾ, ಮಟಮಟ ಹಗಲು ಮೂರು ಗಂಟೆಗೆ ಆ ಕೋಣೆಯಲ್ಲಿ ನನ್ನ ಕೈ ನನಗೆ ಕಾಣಲಿಲ್ಲ. ಹಗಲನ್ನು ನಾನು ಹೊರಗಿಟ್ಟು ಸ್ಕ್ರೂ ಹೊಡೆದಿದ್ದೆ. ಹುಡುಗರು ಫೋನಿನ ಬೆಳಕು ಹಾಕಿದಾಗ ಕಂಡದ್ದು ಬಾಗಿಲಿನಿಂದ ಒಳಗೆ ಬರುತ್ತಿದ್ದ ಹೊಗೆ. ಆ ಶೀಟಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಇರುತ್ತದೆ, ಅದು ಹೊತ್ತಿಕೊಂಡರೆ ಹೊಗೆ ಕರಿ ಎಣ್ಣೆಯ ಹಾಗೆ ದಪ್ಪ. ಮೆಟ್ಟಿಲು ತುಂಬ ಅದೇ. ಕೆಳಗೆ ಇಳಿಯಲು ಹೋದ ಇಬ್ಬರು ಕೆಮ್ಮುತ್ತ ಬಗ್ಗಿಕೊಂಡು ವಾಪಸು ಬಂದರು.

ಚಾಚಾ ಕೊರಳಿನ ವಸ್ತ್ರ ಬಾಯಿಗೆ ಕಟ್ಟಿಕೊಂಡರು. "ನಾ ಮ್ಯಾಲಿನ ಬಾಗಿಲಾ ತಗೀತೀನಿ. ನೀ ಇವರನ್ನ ಬಿಟ್ಟು ಹೋಗಬ್ಯಾಡ" ಎಂದರು, ಬೀಗದಕೈ ಹಿಡಿದು ಮಾಳಿಗೆಯ ಮೆಟ್ಟಿಲು ಹತ್ತಿದರು. ಗಾದಿ ವ್ಯಾಪಾರಿ ತನಗೆಂದು ಕಟ್ಟಡದ ಹಿಂದಿನಿಂದ ಕಬ್ಬಿಣದ ಮೆಟ್ಟಿಲು ಮಾಡಿಕೊಂಡು, ಕಳ್ಳರ ಭಯಕ್ಕೆ ಆ ಬಾಗಿಲಿಗೆ ತನ್ನ ಕಡೆಯಿಂದ ಅಗುಳಿ ಹಾಕಿಸಿದ್ದ. ಅದು ಚಾಚಾನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆ ಕ್ಷಣ ನನಗೆ ಅದು ನೆನಪಾಗಲಿಲ್ಲ. ಇಷ್ಟೇ ಬರೆಯಬಲ್ಲೆ. ಇದನ್ನು ಹೇಗೆ ಬರೆದರೂ ಬೇರೆಯಾಗುವುದಿಲ್ಲ.

ನನ್ನ ತಲೆಯಲ್ಲಿದ್ದದ್ದು ಕಿಟಕಿ. ಒಳಗಿನಿಂದಲೂ ಪ್ಲೈವುಡ್ ಬೋರ್ಡು ಹೊಡೆದು ಬಣ್ಣ ಬಳಿದಿದ್ದರಿಂದ ಬೇರೆ ಯಾರಿಗೂ ಅಲ್ಲಿ ಕಿಟಕಿ ಇದೆಯೆಂದೇ ಗೊತ್ತಿಲ್ಲ. ಮೆಟ್ಟಿಲಿನಿಂದ ದೂರದ ಮೂಲೆಗೆ ಹೋಗಿ, ಕಂಬ ತಡವಿ, ಅಲ್ಲಿಂದ ಮೂರು ಮೊಳ ಅಳೆದು ಸುತ್ತಿಗೆ ಬೀಸಿದೆ. ಬೋರ್ಡು ಒಡೆಯಿತು, ಗಾಜು ಒಡೆಯಿತು. ಅದರ ಆಚೆ ಶೀಟು. ಹೊಡೆದೆ. ಡೊಂಕಾಯಿತು, ಬಿಡಲಿಲ್ಲ. ನನ್ನ ಕೆಲಸ ಗಟ್ಟಿ ಎಂದು ಊರೆಲ್ಲ ಹೇಳುತ್ತದೆಯಲ್ಲ, ಬೇರೆಯವರು ಮೊಳಕ್ಕೊಂದು ಸ್ಕ್ರೂ ಹೊಡೆದರೆ ನಾನು ಗೇಣಿಗೊಂದು ಹೊಡೆಯುತ್ತೇನೆ. ನನ್ನ ಹಿಂದೆ ಒಬ್ಬಳು ಅವ್ವನನ್ನು ಕರೆಯುತ್ತಿದ್ದಳು, ಮಹಾಗಾಂವದ ಹುಡುಗಿ ಎಂದು ಆಮೇಲೆ ತಿಳಿಯಿತು. ಪುಸ್ತಕದ ಕಬ್ಬಿಣದ ರ್ಯಾಕನ್ನು ಐದಾರು ಜನ ಎತ್ತಿ ಗುದ್ದಿದೆವು. ನಾಲ್ಕನೆಯದೋ ಐದನೆಯದೋ ಗುದ್ದಿಗೆ ಕೆಳಗಿನ ಮೂಲೆ ಹರಿಯಿತು. ಒಂದು ಅಂಗೈಯಷ್ಟು ಬೆಳಕು ಬಂತು, ಮಳೆಹನಿ ಬಂತು. ಆ ತೂತಿಗೆ ಬಾಯಿ ಹಚ್ಚಿ ಉಸಿರು ತೆಗೆದುಕೊಂಡು ಹುಡುಗರು ಸರದಿಯಲ್ಲಿ ಹಿಂದೆ ಸರಿದರು, ಒಬ್ಬರೂ ನೂಕಾಡಲಿಲ್ಲ. ಶೀಟು ಪೂರ್ತಿ ಬಿದ್ದಾಗ ಕೆಳಗಿನ ಅಂಗಡಿಯವರು ಏಣಿ ತಂದಿದ್ದರು. ಇಪ್ಪತ್ತೆರಡೂ ಮಂದಿ ಇಳಿದರು. ನಾನು ಕೊನೆಗೆ ಇಳಿದೆ. ರಸ್ತೆಯ ಮೇಲೆ ಕಾಲಿಟ್ಟು ತಲೆಗಳನ್ನು ನೋಡುವಾಗ ಚಾಚಾನ ಬಿಳಿ ಟೊಪ್ಪಿಗೆ ಕಾಣಲಿಲ್ಲ. ಆಗ ನೆನಪಾಯಿತು ಅಕ್ಕಾ, ಅಗುಳಿ.

ಅಗ್ನಿಶಾಮಕದವರು ಅವರನ್ನು ಮಾಳಿಗೆಯ ಬಾಗಿಲ ಬಳಿಯಿಂದ ಎತ್ತಿ ತಂದರು. ಬೀಗದಕೈ ಬೆರಳಲ್ಲೇ ಇತ್ತು. ಎದೆ ಒಡೆದು ಹೋದದ್ದಲ್ಲ. ಹೊಗೆ.

ಅದೇ ಸಂಜೆ ಭಾವ ನನ್ನನ್ನು ಕಾರಿನಲ್ಲಿ ಕೂರಿಸಿ ಇಲ್ಲಿಗೆ ತಂದರು. ಎರಡು ದಿನ ಸುಮ್ಮನಿರು ಎಂದರು, ಪೊಲೀಸರು ಹುಡುಕುತ್ತಾರೆಂದು ಫೋನು ಇಸಿದುಕೊಂಡರು. ಯಾರಾದರೂ ನನ್ನನ್ನು ಎತ್ತಿ ಎಲ್ಲಿಗಾದರೂ ಒಯ್ದರೆ ಸಾಕೆನಿಸಿತ್ತು. ನಾಲ್ಕನೆಯ ದಿನ ಕೆಳಗಿನ ಅಂಗಡಿಯ ಪೇಪರಿನಲ್ಲಿ ಓದಿದೆ. ರೀಡಿಂಗ್ ರೂಮಿನ ಸಿಬ್ಬಂದಿ ಹೀಟರಿನಲ್ಲಿ ಚಹಾ ಕಾಯಿಸಲು ಹೋಗಿ ಅವಘಡ, ಎಂದು ಬರೆದಿತ್ತು. ಅವತ್ತು ಭಾವ ಬಂದಾಗ ಪೇಪರು ಮುಂದಿಟ್ಟು ಇದೇನು ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. ಗೊಬ್ಬರದ ಚೀಲದ ಮೇಲೆ ಕುಳಿತು ಬೆವರು ಒರೆಸಿಕೊಂಡರು.

"ಹೋದಾಂವ ಹೋಗ್ಯಾನ ನೀಲಾ. ಅವನ ಹೆಸರು ಹೇಳಿದ್ರ ಅವನಿಗೇನು ಜೇಲ್ ಆಗ್ತದೇನು? ಕಿಟಕಿ ಮುಚ್ಚಿದವರು ಯಾರು ಅಂತ ಕೇಳಿದ್ರ ನಿನ್ನ ಹೆಸರು ಬರ್ತದ. ಕಟ್ಟಡ ಯಾರದಂತ ಕೇಳಿದ್ರ ನಿಮ್ಮಕ್ಕಂದು ಬರ್ತದ. ನಾ ನಿಮ್ಮಿಬ್ಬರನ್ನ ಉಳಿಸಾಕತ್ತೀನಿ."

ಅವರು ಸುಳ್ಳು ಹೇಳುತ್ತಿದ್ದಾರೆ ಎನಿಸಲಿಲ್ಲ, ಅದೇ ನನ್ನನ್ನು ಇನ್ನಷ್ಟು ಕಟ್ಟಿಹಾಕಿತು. ಅವರಿಗೆ ನಿಜವಾಗಿ ಭಯವಾಗಿತ್ತು, ನಮ್ಮ ಮೇಲೆ ಪ್ರೀತಿಯೂ ಇತ್ತು. ಆ ಪ್ರೀತಿಯ ಕೆಳಗೆ ಸತ್ತ ಮನುಷ್ಯನೊಬ್ಬನನ್ನು ಹಾಸಿದ್ದರು, ಅಷ್ಟೇ. ಬಾಯಿ ಬಿಟ್ಟರೆ ನಿನ್ನ ಮನೆ ಮುರಿಯುತ್ತದೆ. ಮುಚ್ಚಿದರೆ ಇನ್ನೊಬ್ಬರ ಮನೆ. ಮಧ್ಯದಲ್ಲಿ ಈ ಕೋಣೆ, ಈ ತಗಡು. ಎಂಟು ದಿನ ಹೀಗೇ ಕಳೆದೆ. ನನ್ನ ಹೆಸರು ಹೊರಬರುವ ಭಯವೂ ಇತ್ತು, ನಿನಗಾಗಿಯೇ ಬಾಯಿ ಮುಚ್ಚಿಕೊಂಡಿದ್ದೆ ಎಂದು ಎಲ್ಲವನ್ನೂ ನಿನ್ನ ಮೇಲೆ ಹೊರಿಸಿ ನಾನು ಒಳ್ಳೆಯವನಾಗುವುದಿಲ್ಲ.

ನಿನ್ನೆ ಮಧ್ಯಾಹ್ನ ಚಾಚಾನ ಮಗಳು ಅಫ್ಶೀನ್ ಇಲ್ಲಿಗೆ ಬಂದಳು. ಆ ಮಹಾಗಾಂವದ ಹುಡುಗಿಯ ತಂದೆ ಟೆಂಪೋ ಓಡಿಸುತ್ತಾರಂತೆ, ಬೆಂಕಿಯ ದಿನ ಮಗಳನ್ನು ಕರೆದೊಯ್ಯಲು ಬಂದು ನನ್ನನ್ನು ನೋಡಿದ್ದರಂತೆ, ಗೊಬ್ಬರ ಒಯ್ಯಲು ಬಂದಾಗ ನನ್ನನ್ನು ಕಿಟಕಿಯಲ್ಲಿ ಕಂಡು ಅವಳಿಗೆ ಹೇಳಿದ್ದಾರೆ. ಅಫ್ಶೀನ್ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಇಪ್ಪತ್ತೈದು ವರ್ಷವಿರಬಹುದು. ಕೂರಮ್ಮ ಎಂದರೂ ಕೂರಲಿಲ್ಲ.

"ಅಣ್ಣಾ, ಒಂದೇ ಮಾತು ಕೇಳಾಕ ಬಂದೀನ್ರೀ. ನಮ್ಮ ಅಬ್ಬಾ ಅಲ್ಲಿ ಹೀಟರ್ ಇಟ್ಕೊಂಡಿದ್ರೇನು?"

"ಇಲ್ಲಮ್ಮ. ಥರ್ಮಾಸಿನಾಗ ಚಹಾ ತರ್ತಿದ್ರು."

"ಅಮ್ಮೀನೇ ಮಾಡಿ ಕೊಡ್ತಿದ್ರು. ಈಗ ಓಣ್ಯಾಗಿನ ಮಂದಿ ಕೇಳ್ತಾರ, ಹುಡುಗರನ್ನ ಸುಡಾಕ ಹೊಂಟಿದ್ನಂತಲ್ಲ ನಿಮ್ಮ ಮುದುಕ, ಅಂತ. ಅಮ್ಮೀ ಬಾಗಿಲಾನೇ ತೆಗಿಯಂಗಿಲ್ರೀ."

ಚಾಚಾ ಕೊನೆಗೆ ಏನು ಹೇಳಿ ಮೆಟ್ಟಿಲು ಹತ್ತಿದರು ಎಂಬುದನ್ನು ಅವಳಿಗೆ ಹೇಳಿದೆ. ಅಗುಳಿಯ ವಿಷಯವನ್ನೂ ಹೇಳಿದೆ, ನನಗೆ ಗೊತ್ತಿತ್ತು ಎಂಬುದನ್ನೂ. ಅವಳು ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ದುಪಟ್ಟಾದಿಂದ ಮುಖ ಒರೆಸಿಕೊಂಡಳು.

"ನನಗ ಹೇಳಿದ್ರಿ, ಛಲೋ ಆತು. ನಾ ಒಬ್ಬಾಕಿಗೆ ಗೊತ್ತಾದ್ರ ಆಗ್ತದೇನ್ರೀ?" ಎಂದು ಕೇಳಿ ಮೆಟ್ಟಿಲಿಳಿದು ಹೋದಳು. ಅವಳು ಬಸ್ಸು ಹತ್ತುವ ತನಕ ನಾನು ಕಿಟಕಿಯಲ್ಲಿ ನಿಂತು ನೋಡಿದೆ. ನಾನು ಎಂಟು ದಿನದಿಂದ ಇಳಿದು ಹೋಗಲಾಗದ ಮೆಟ್ಟಿಲನ್ನು ಅವಳು ಎಷ್ಟು ಸುಲಭವಾಗಿ ಇಳಿದಳು ಎನಿಸಿತು.

ಅಕ್ಕಾ, ಇವತ್ತು ನಾನು ಕಲಬುರಗಿಗೆ ಹೋಗಿ ಪೊಲೀಸರಿಗೆ ಹೇಳಿಕೆ ಕೊಡುತ್ತೇನೆ. ಇಳಿಜಾರು ಎಷ್ಟು ಕೊಟ್ಟೆ, ಯಾರು ಬೇಡವೆಂದರು, ಕಿಟಕಿ ಎಷ್ಟು ಮುಚ್ಚಿದೆ, ಎಷ್ಟು ಸಲ ಎಚ್ಚರಿಸಿದೆ, ಎಲ್ಲ. ಮೊದಲು ನನ್ನ ಹೆಸರು ಹೇಳುತ್ತೇನೆ, ಆಮೇಲೆ ಭಾವನದು. ನನ್ನನ್ನು ಒಳಗೆ ಹಾಕಿದರೆ ಹಾಕಲಿ. ಕಾಗದಪತ್ರ ನಿನ್ನ ಹೆಸರಿನಲ್ಲಿರುವುದರಿಂದ ನಿನಗೂ ನೋಟಿಸು ಬರಬಹುದು, ಬೀಗರ ಮನೆಯ ಬಾಗಿಲಿಗೇ ಬರಬಹುದು. ಅದನ್ನು ನೆನೆದರೆ ಪೆನ್ನು ನಿಲ್ಲುತ್ತದೆ. ಅವ್ವ ಹೊಲಕ್ಕೆ ಹೋದಾಗೆಲ್ಲ ನನಗೆ ತುತ್ತು ಮಾಡಿ ಉಣಿಸಿದವಳು ನೀನು, ನಿನ್ನ ಮೇಲೆ ಇಂಥದ್ದು ತರುತ್ತಿದ್ದೇನೆ. ಭಾವನನ್ನು ಕೆಟ್ಟವರೆಂದು ತಿಳಿಯಬೇಡ ಎಂದು ಹೇಳುವ ಹಕ್ಕು ನನಗಿಲ್ಲ, ನೀನೇ ತೂಗಿ ನೋಡು. ನನ್ನ ಮೇಲೆ ಸಿಟ್ಟು ಬಂದರೆ ಇಟ್ಟುಕೋ, ಮಾತು ಮಾತ್ರ ಬಿಡಬೇಡ. ನನ್ನ ಮಕ್ಕಳನ್ನೂ ಅವ್ವನನ್ನೂ ಆಗಾಗ ಫೋನಿನಲ್ಲಿ ವಿಚಾರಿಸುತ್ತಿರು.

ಪ್ರೀತಿಗೆ ಮಾಮಾನ ಆಶೀರ್ವಾದ. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು. ಬೀಗರಿಗೆ ನಮಸ್ಕಾರ ಹೇಳು, ಬೇರೇನೂ ಹೇಳಬೇಡ.

ನಿನ್ನ ತಮ್ಮ,
ನೀಲಕಂಠ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ಭಾನುವಾರ ಭಾವ ಧಾರವಾಡಕ್ಕೆ ಬರುತ್ತಿದ್ದಾರೆ, ಅದಕ್ಕೇ ಇದನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ. ಕೂಸಿಗೆ ಬೆಳ್ಳಿ ಗೆಜ್ಜೆ ತರುತ್ತಾರೆ, ಜೊತೆಗೆ ನಿನ್ನ ಸಹಿಗೆ ಒಂದು ಛಾಪಾ ಕಾಗದ ತರುತ್ತಾರೆ. ರೀಡಿಂಗ್ ರೂಮನ್ನೂ ಅದರ ವೈರು, ಕಿಟಕಿ, ಬಾಗಿಲು ಎಲ್ಲವನ್ನೂ ಖಮರುದ್ದೀನ್ ಅವರ ಸ್ವಂತ ಜವಾಬ್ದಾರಿಗೆ ಬಿಟ್ಟುಕೊಟ್ಟಿದ್ದೇನೆ ಎಂದು ಅದರಲ್ಲಿ ನೀನು ಬರೆದುಕೊಟ್ಟ ಹಾಗಿದೆ, ತಾರೀಖು ಹೋದ ವರ್ಷದ್ದು. ಸೋಮವಾರ ಕೆಳಗೆ ಅಂಗಡಿಯ ಮೇಜಿನ ಮೇಲೆ ಅದನ್ನು ನಾನು ಕಣ್ಣಾರೆ ನೋಡಿದೆ. ನಿನ್ನ ಸಹಿಯ ಜಾಗ ಮಾತ್ರ ಖಾಲಿ ಇದೆ. ಚಾಚಾನ ಸಹಿ ಆಗಲೇ ಆಗಿದೆ, ಇಂಗ್ಲಿಷಿನಲ್ಲಿ. ಅವರು ಜೀವಮಾನವಿಡೀ ಉರ್ದು ಬಿಟ್ಟು ಬೇರೆ ಅಕ್ಷರದಲ್ಲಿ ಸಹಿ ಮಾಡಿದವರಲ್ಲ. ಅಕ್ಕಾ, ಗೆಜ್ಜೆ ತೆಗೆದುಕೋ. ಸಹಿ ಮಾಡಬೇಡ.